ಲೈಟ್ ಹಸಿರು, ಲಿಂಕ್ ಸತ್ತಿದೆ: ರೂಟರ್‌ಗಳ ನಡುವೆ ಲಿಂಕ್ ಬಿದ್ದದ್ದನ್ನು ಬೇಗ ಪತ್ತೆ ಮಾಡುವುದು ಹೇಗೆ?

ಎರಡು ರೂಟರ್‌ಗಳ ನಡುವೆ ಎರಡು ಲಿಂಕ್ ಹಾಕಿದ್ದೇವೆ. ಒಂದು ಬಿದ್ದರೆ ಇನ್ನೊಂದು ಕೈ ಹಿಡಿಯಬೇಕಿತ್ತು. ಆದರೂ ಅರ್ಧ ನಿಮಿಷಕ್ಕಿಂತ ಜಾಸ್ತಿ ಹೊತ್ತು ಎಲ್ಲ ನಿಂತುಹೋಯಿತು, ಯಾಕೆ? ಈ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದೀರಿ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಉತ್ತರ ಚಿಕ್ಕದು. ಎರಡನೇ ಲಿಂಕ್ ಇದ್ದರೆ ಸಾಲದು, ಮೊದಲನೆಯದು ಸತ್ತಿದೆ ಅಂತ ರೂಟರ್‌ಗೆ ಗೊತ್ತಾಗಬೇಕು. ಗೊತ್ತಾಗುವ ತನಕ ಅದು ಸತ್ತ ಲಿಂಕಿಗೇ ಪ್ಯಾಕೆಟ್ ತಳ್ಳುತ್ತಾ ಇರುತ್ತದೆ. 10 ಗಿಗಾಬಿಟ್ ಲಿಂಕ್ ತುಂಬಿ ಹರಿಯುತ್ತಿರುವಾಗ 40 ಸೆಕೆಂಡ್ ಹೀಗಾದರೆ 50 ಗಿಗಾಬೈಟ್ ಡೇಟಾ ಎಲ್ಲೂ ತಲುಪದೆ ಹೋಗುತ್ತದೆ. ಆ 40 ಸೆಕೆಂಡನ್ನು ಒಂದು ಸೆಕೆಂಡಿಗಿಂತ ಕೆಳಗೆ ತರಬಹುದು, ಅದೇನೂ ಕಷ್ಟವಲ್ಲ. ಆದರೆ ಅವಸರದಲ್ಲಿ ಟೈಮರ್‌ಗಳನ್ನು ತೀರಾ ಇಳಿಸಿದರೆ ಚೆನ್ನಾಗಿರುವ ಲಿಂಕೂ ಬಿದ್ದು ಎದ್ದು ಮಾಡತೊಡಗುತ್ತದೆ. ನಿಧಾನವಾಗಿ ಪತ್ತೆಯಾಗುವುದಕ್ಕಿಂತ ಇದು ಕೆಟ್ಟದ್ದು. ಈ ಎರಡರ ನಡುವೆ ಸರಿಯಾದ ಜಾಗ ಹುಡುಕುವುದೇ ನಿಜವಾದ ಕೆಲಸ.

ಶುರು ಮಾಡುವ ಮೊದಲು ಮೂರು ವಿಷಯ ಕೈಯಲ್ಲಿರಲಿ. ಎರಡೂ ತುದಿಯ ರೂಟರ್‌ಗಳಿಗೆ ಲಾಗಿನ್ ಬೇಕು. ಆ ಲಿಂಕ್ ಬಿದ್ದರೂ ರೂಟರ್‌ಗಳನ್ನು ತಲುಪಲು ಬೇರೊಂದು ದಾರಿ ಬೇಕು, ಅಂದರೆ ಕನ್ಸೋಲ್ ಕೇಬಲ್ ಅಥವಾ ಪ್ರತ್ಯೇಕ ಮ್ಯಾನೇಜ್‌ಮೆಂಟ್ ನೆಟ್‌ವರ್ಕ್. ಮತ್ತೆ, ಟ್ರಾಫಿಕ್ ಕಡಿಮೆ ಇರುವ ಹೊತ್ತು. ಎರಡನೆಯದನ್ನು ಯಾವತ್ತೂ ಬಿಡಬೇಡಿ. ಬದಲಾಯಿಸುತ್ತಿರುವ ಲಿಂಕಿನ ಮೂಲಕವೇ ಲಾಗಿನ್ ಆಗಿ ಕೂತರೆ, ಒಂದು ತಪ್ಪು ಸಾಲಿಗೆ ಆ ತುದಿಯ ರೂಟರ್ ಕೈ ತಪ್ಪಿಹೋಗುತ್ತದೆ. ಕಮಾಂಡ್‌ಗಳು ಒಂದೊಂದು ಕಂಪನಿಯ ರೂಟರ್‌ನಲ್ಲಿ ಒಂದೊಂದು ಥರ ಇರುತ್ತವೆ. ಹಾಗಾಗಿ ಇಲ್ಲಿ ಸೆಟ್ಟಿಂಗ್‌ಗಳ ಹೆಸರನ್ನೂ ಕಾರಣವನ್ನೂ ಹೇಳುತ್ತೇನೆ. ಸಾಲುಗಳನ್ನು ನಿಮ್ಮ ರೂಟರ್‌ನ ಕೈಪಿಡಿ ನೋಡಿ ಬರೆದುಕೊಳ್ಳಿ.

ಹಂತ 1: ನಡುವೆ ಏನೇನಿದೆ, ನೋಡಿ

ಒಂದು ಹಾಳೆಯಲ್ಲಿ ಈ ರೂಟರ್‌ನಿಂದ ಆ ರೂಟರ್ ತನಕ ಗೆರೆ ಎಳೆಯಿರಿ. ನಡುವೆ ಸಿಗುವ ಪ್ರತಿಯೊಂದನ್ನೂ ಬರೆಯಿರಿ: ಸ್ವಿಚ್, ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆ), ಸೇವಾ ಕಂಪನಿಯ ಸರ್ಕ್ಯೂಟ್ (ಅವರಿಂದ ಬಾಡಿಗೆಗೆ ಪಡೆದ ಸಂಪರ್ಕ), ಟನೆಲ್ (ಇನ್ನೊಂದು ನೆಟ್‌ವರ್ಕ್ ಮೂಲಕ ಹಾಯುವ ಕಾಲ್ಪನಿಕ ಲಿಂಕ್).

ನಡುವೆ ಏನೂ ಇಲ್ಲದೆ ನೇರ ಫೈಬರ್ ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿದ ಹಾಗೆ. ಫೈಬರ್ ತುಂಡಾದ ತಕ್ಷಣ ಬೆಳಕು ನಿಲ್ಲುತ್ತದೆ, ಪೋರ್ಟ್ ತಾನೇ ಕೆಳಗೆ ಬೀಳುತ್ತದೆ. ಆದರೆ ನಡುವೆ ಒಂದು ಸ್ವಿಚ್ ಇದ್ದರೆ ಕಥೆಯೇ ಬೇರೆ. ಸ್ವಿಚ್‌ನ ಆಚೆ ಬದಿಯ ಕೇಬಲ್ ಹೋದರೂ ಈಚೆ ಬದಿಯಲ್ಲಿ ನಿಮ್ಮ ರೂಟರ್‌ಗೂ ಸ್ವಿಚ್‌ಗೂ ಸಂಪರ್ಕ ಚೆನ್ನಾಗಿಯೇ ಇರುತ್ತದೆ. ಲೈಟ್ ಹಸಿರು. ರೂಟರ್ ಪ್ರಕಾರ ಎಲ್ಲ ಸರಿ. ನೀವು ಬರೆದು ಕೇಳುವ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ಸೇವಾ ಕಂಪನಿಯ ಸರ್ಕ್ಯೂಟ್ ಕೂಡ ಎಷ್ಟೋ ಸಲ ಹೀಗೆಯೇ. ಬಿಲ್ಲಿನಲ್ಲಿ ಒಂದು ನೇರ ತಂತಿಯ ಹಾಗೆ ಕಂಡರೂ ಒಳಗೆ ಹತ್ತಾರು ಉಪಕರಣ ಇರಬಹುದು.

ಹಂತ 2: ಈಗ ಎಷ್ಟು ಹೊತ್ತು ಹಿಡಿಯುತ್ತದೆ, ತಿಳಿದುಕೊಳ್ಳಿ

ನೆರೆಯ ರೂಟರ್ ಬದುಕಿದೆಯಾ ಅಂತ ನೋಡಲು ರೂಟಿಂಗ್ ಪ್ರೋಟೋಕಾಲ್‌ಗಳು, ಅಂದರೆ ರೂಟರ್‌ಗಳು ದಾರಿಗಳ ಮಾಹಿತಿ ಹಂಚಿಕೊಳ್ಳುವ ವಿಧಾನಗಳು, ಆಗಾಗ 'ಹಲೋ' ಪ್ಯಾಕೆಟ್ ಕಳಿಸುತ್ತವೆ. ಇಷ್ಟು ಹೊತ್ತು ಹಲೋ ಬರದಿದ್ದರೆ ನೆರೆಯವನು ಇಲ್ಲ ಅಂತ ತೀರ್ಮಾನ. ಆ ಕಾಯುವ ಹೊತ್ತೇ ನಿಮ್ಮ ಈಗಿನ ಪತ್ತೆ ಸಮಯ.

ಒಂದು ಸಂಸ್ಥೆಯೊಳಗಿನ ದಾರಿಗಳನ್ನು ಹುಡುಕುವ ಪ್ರೋಟೋಕಾಲ್ ಒಎಸ್‌ಪಿಎಫ್. ಅದರಲ್ಲಿ ಈಥರ್ನೆಟ್ ಮೇಲೆ ಸಾಮಾನ್ಯವಾಗಿ ಹಲೋ 10 ಸೆಕೆಂಡಿಗೊಮ್ಮೆ, ಕಾಯುವುದು 40 ಸೆಕೆಂಡ್. ಮುಖ್ಯವಾಗಿ ಸಂಸ್ಥೆಗಳ ನಡುವೆ ದಾರಿ ಹಂಚುವ ಬಿಜಿಪಿಯಲ್ಲಿ ಅನೇಕ ರೂಟರ್‌ಗಳು ಏನೂ ಹೇಳದಿದ್ದರೆ 60 ಸೆಕೆಂಡಿಗೊಮ್ಮೆ ಕೀಪ್‌ಅಲೈವ್ (ಹಲೋ ಥರದ್ದೇ ಪ್ಯಾಕೆಟ್) ಕಳಿಸಿ 180 ಸೆಕೆಂಡ್ ಕಾಯುತ್ತವೆ. ಅಂದರೆ ಪೂರ್ತಿ ಮೂರು ನಿಮಿಷ. ಸ್ಟ್ಯಾಟಿಕ್ ರೂಟ್, ಅಂದರೆ ಕೈಯಾರೆ ಬರೆದ ದಾರಿ, ಇನ್ನೂ ಕೆಟ್ಟದ್ದು. ಅದು ಯಾರನ್ನೂ ಕೇಳುವುದಿಲ್ಲ. ಪೋರ್ಟ್ ಮೇಲಿರುವ ತನಕ, ಗಂಟೆಗಟ್ಟಲೆ ಬೇಕಾದರೂ, ಸತ್ತ ಲಿಂಕಿಗೇ ಪ್ಯಾಕೆಟ್ ಕಳಿಸುತ್ತದೆ.

ನಿಮ್ಮ ರೂಟರ್‌ನಲ್ಲಿರುವ ಅಂಕಿಗಳನ್ನು ಓದಿ ಬರೆದಿಟ್ಟುಕೊಳ್ಳಿ. ಕೊನೆಗೆ ಹೋಲಿಸಲು ಬೇಕಾಗುತ್ತದೆ.

ಹಂತ 3: ಪೋರ್ಟ್ ಮಟ್ಟದ ಪತ್ತೆಯನ್ನು ಮೊದಲು ಸರಿ ಮಾಡಿ

ಇದು ಪುಕ್ಕಟೆ ಸಿಗುವ ವೇಗ. ಬೆಳಕು ಅಥವಾ ವಿದ್ಯುತ್ ಸಂಕೇತ ನಿಂತದ್ದನ್ನು ಹಾರ್ಡ್‌ವೇರ್ ಬಹಳ ಬೇಗ ಗಮನಿಸುತ್ತದೆ. ಯಾವ ಪ್ಯಾಕೆಟ್ಟೂ ಬೇಕಿಲ್ಲ. ಆದರೂ ಎರಡು ಕಡೆ ಎಡವುತ್ತೇವೆ.

ಮೊದಲನೆಯದು ಕ್ಯಾರಿಯರ್ ಡಿಲೇ. ಸಂಕೇತ ಹೋದ ಮೇಲೆ ಪೋರ್ಟ್ ಬಿತ್ತು ಅಂತ ಒಪ್ಪಿಕೊಳ್ಳುವ ಮೊದಲು ರೂಟರ್ ಕಾಯುವ ಹೊತ್ತು ಇದು. ಕೆಲವು ರೂಟರ್‌ಗಳಲ್ಲಿ ಇದು 2 ಸೆಕೆಂಡ್ ಇರುತ್ತದೆ. ಬೀಳುವಾಗ ಸೊನ್ನೆ ಇಡಿ, ಏಳುವಾಗ ಕೆಲವು ಸೆಕೆಂಡ್ ಇಡಿ. ಕೆಟ್ಟ ಸುದ್ದಿ ತಕ್ಷಣ ಹರಡಬೇಕು, ಒಳ್ಳೆ ಸುದ್ದಿ ಸ್ವಲ್ಪ ತಡವಾದರೂ ನಷ್ಟವಿಲ್ಲ. ಒಂದು ಎಚ್ಚರಿಕೆ: ಕೆಳಗಿನ ಸಾಗಣೆ ಜಾಲಕ್ಕೆ ತನ್ನದೇ ಬದಲಿ ದಾರಿ ಇದ್ದರೆ ಸೊನ್ನೆ ಬೇಡ. ಟೆಲಿಫೋನ್ ಕಂಪನಿಗಳು ಬಳಸುವ ಎಸ್‌ಡಿಎಚ್ ಥರದ ಫೈಬರ್ ಜಾಲಗಳು 50 ಮಿಲಿಸೆಕೆಂಡ್ ಒಳಗೆ ತಾವೇ ದಾರಿ ಬದಲಿಸುವಂತೆ ಕಟ್ಟಿದವು. ಅದು ಮುಗಿಯುವಷ್ಟು ಹೊತ್ತು ಬಿಡಿ.

ಎರಡನೆಯದು ಒಂದೇ ದಿಕ್ಕಿನ ಲಿಂಕ್. ಫೈಬರ್‌ನಲ್ಲಿ ಹೋಗಲು ಒಂದು ಎಳೆ, ಬರಲು ಒಂದು ಎಳೆ. ಒಂದು ಮಾತ್ರ ತುಂಡಾದರೆ ಬೆಳಕು ಕಾಣದ ತುದಿ ಕೆಳಗೆ ಬೀಳುತ್ತದೆ, ಕಾಣುತ್ತಿರುವ ತುದಿ ಮೇಲೇ ಉಳಿಯಬಹುದು. 1 ಗಿಗಾಬಿಟ್ ಫೈಬರ್ ಪೋರ್ಟ್‌ಗಳಲ್ಲಿ ಆಟೊ ನೆಗೋಶಿಯೇಶನ್ (ಎರಡು ಪೋರ್ಟ್‌ಗಳು ತಾವೇ ಮಾತಾಡಿ ಹೊಂದಿಕೊಳ್ಳುವ ಸೌಲಭ್ಯ) ಆನ್ ಇದ್ದರೆ 'ನನಗೆ ನಿನ್ನ ಬೆಳಕು ಕಾಣ್ತಿಲ್ಲ' ಅಂತ ಆಚೆ ತುದಿಗೆ ತಿಳಿಯುತ್ತದೆ. ಸುಮ್ನೆ ಯಾರೋ ಹೇಳಿದರು ಅಂತ ಅದನ್ನು ಆಫ್ ಮಾಡಬೇಡಿ. 10 ಗಿಗಾಬಿಟ್ ಮತ್ತು ಅದಕ್ಕೂ ಮೇಲಿನ ಪೋರ್ಟ್‌ಗಳಲ್ಲಿ ಈ ಸೂಚನೆ ಸ್ಟ್ಯಾಂಡರ್ಡ್‌ನಲ್ಲೇ ಸೇರಿದೆ.

ಹಂತ 4: ಹಲೋ ಟೈಮರನ್ನು ತೀರಾ ಇಳಿಸುವ ಯೋಚನೆ ಬಿಡಿ

40 ಸೆಕೆಂಡ್ ಜಾಸ್ತಿ ಆಯ್ತು ಅಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಇದೇ, ಅಲ್ವಾ? ಸ್ವಲ್ಪ ಮಟ್ಟಿಗೆ ಸರಿ. ಆದರೆ ಹಲೋ ಪ್ಯಾಕೆಟ್‌ಗಳನ್ನು ನೋಡಿಕೊಳ್ಳುವುದು ರೂಟರ್‌ನ ಮುಖ್ಯ ಸಿಪಿಯು. ಅದೇ ಸಿಪಿಯು ದಾರಿಗಳನ್ನು ಲೆಕ್ಕ ಹಾಕುತ್ತದೆ, ಲಾಗ್ ಬರೆಯುತ್ತದೆ, ನಿಮ್ಮ ಲಾಗಿನ್‌ಗೂ ಉತ್ತರಿಸುತ್ತದೆ. ನೆಟ್‌ವರ್ಕ್‌ನಲ್ಲಿ ಗಲಾಟೆ ಶುರುವಾದಾಗಲೇ ಅದಕ್ಕೆ ಕೆಲಸ ಜಾಸ್ತಿ. ಆಗ ಹಲೋ ತಡವಾದರೆ ಚೆನ್ನಾಗಿರುವ ನೆರೆಯವನೂ ಸತ್ತ ಲೆಕ್ಕ. ಬಿಜಿಪಿಯಲ್ಲಂತೂ ಕಾಯುವ ಹೊತ್ತು 3 ಸೆಕೆಂಡಿಗಿಂತ ಕಡಿಮೆ ಇಡಲು ನಿಯಮದಲ್ಲೇ ಅವಕಾಶವಿಲ್ಲ. ಒಎಸ್‌ಪಿಎಫ್‌ನಲ್ಲಿ ಎರಡೂ ತುದಿಯ ಟೈಮರ್ ಒಂದೇ ಇರಬೇಕು. ಒಂದು ಕಡೆ ಮಾತ್ರ ಬದಲಿಸಿದರೆ ನೆರೆತನವೇ ಮುರಿದುಬೀಳುತ್ತದೆ.

ನನ್ನ ಸಲಹೆ: ಹಲೋ ಟೈಮರ್‌ಗಳನ್ನು ಹಾಗೇ ಬಿಡಿ. ಬೇಗ ಪತ್ತೆ ಮಾಡುವ ಕೆಲಸವನ್ನು ಅದಕ್ಕೆಂದೇ ಮಾಡಿದ ಪ್ರೋಟೋಕಾಲ್‌ಗೆ ಕೊಡಿ.

ಹಂತ 5: ಬಿಎಫ್‌ಡಿ ಹಾಕಿ

ಅದರ ಹೆಸರು ಬೈಡೈರೆಕ್ಷನಲ್ ಫಾರ್ವರ್ಡಿಂಗ್ ಡಿಟೆಕ್ಷನ್, ಚಿಕ್ಕದಾಗಿ ಬಿಎಫ್‌ಡಿ. ಎರಡೂ ದಿಕ್ಕಿನಲ್ಲಿ ಪ್ಯಾಕೆಟ್ ನಿಜವಾಗಿ ಸಾಗುತ್ತಿದೆಯಾ ಅಂತ ನೋಡುವುದಷ್ಟೇ ಇದರ ಕೆಲಸ. 2010ರಲ್ಲಿ ಆರ್‌ಎಫ್‌ಸಿ 5880 ಆಗಿ ಪ್ರಕಟವಾಯಿತು (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ ನಿಯಮಗಳ ದಾಖಲೆ). ಈಗ ದೊಡ್ಡ ರೂಟರ್‌ಗಳಲ್ಲೂ, ಎಫ್‌ಆರ್‌ಆರ್, ಬರ್ಡ್ ಥರದ ಉಚಿತ ರೂಟಿಂಗ್ ಸಾಫ್ಟ್‌ವೇರ್‌ಗಳಲ್ಲೂ ಸಿಗುತ್ತದೆ.

ಇದರ ಪ್ಯಾಕೆಟ್ ಪುಟ್ಟದು. ದೃಢೀಕರಣ ಸೇರಿಸದಿದ್ದರೆ 24 ಬೈಟ್, ಯುಡಿಪಿ (ತಲುಪಿತಾ ಅಂತ ಕೇಳದೆ ಪ್ಯಾಕೆಟ್ ಕಳಿಸುವ ಸರಳ ವಿಧಾನ) ಮೇಲೆ ಹೋಗುತ್ತದೆ. ಅದರಲ್ಲಿ ಇರುವುದು ಮುಖ್ಯವಾಗಿ ಇಷ್ಟು: ನಾನು ಯಾರು, ನೀನು ಯಾರು, ನನ್ನ ಸ್ಥಿತಿ ಏನು, ಎಷ್ಟು ಬೇಗ ಕಳಿಸಬಲ್ಲೆ, ಎಷ್ಟು ಬೇಗ ಬಂದರೆ ತಡೆದುಕೊಳ್ಳಬಲ್ಲೆ. ಸ್ಥಿತಿ ಮೂರು ಮೆಟ್ಟಿಲಲ್ಲಿ ಏರುತ್ತದೆ: ಡೌನ್, ಇನಿಟ್, ಅಪ್. 'ನಿನ್ನ ಪ್ಯಾಕೆಟ್ ನನಗೆ ಬಂತು' ಅಂತ ಆಚೆಯವನು ಹೇಳಿದ್ದು ಕೇಳಿಸದೆ ಯಾರೂ ಅಪ್ ಆಗುವುದಿಲ್ಲ. ಹೀಗಾಗಿ ಒಂದೇ ದಿಕ್ಕಿನ ಲಿಂಕ್ ಇದರ ಕಣ್ಣು ತಪ್ಪಿಸಲಾರದು.

ಎರಡೂ ತುದಿಯಲ್ಲಿ ಬಿಎಫ್‌ಡಿ ಆನ್ ಮಾಡಿ. ಒಂದು ಕಡೆ ಮಾತ್ರ ಮಾಡಿದರೆ ಸೆಷನ್, ಅಂದರೆ ಎರಡು ತುದಿಗಳ ನಡುವಿನ ಈ ಮಾತುಕತೆ, ಡೌನ್ ಸ್ಥಿತಿಯಲ್ಲೇ ಕೂರುತ್ತದೆ. ಇನ್ನೊಂದು ವಿಷಯ: ಸೆಷನ್ ಅಪ್ ಆಗುವ ತನಕ ಬಿಎಫ್‌ಡಿ ಸೆಕೆಂಡಿಗೊಂದಕ್ಕಿಂತ ವೇಗವಾಗಿ ಕಳಿಸುವುದಿಲ್ಲ. ಹಾಗಾಗಿ ಮೇಲೇಳಲು ಕೆಲವು ಸೆಕೆಂಡ್ ಹಿಡಿದರೆ ಗಾಬರಿ ಬೇಡ.

ಹಂತ 6: ಅಂಕಿಗಳನ್ನು ಆರಿಸಿ

ಇಲ್ಲಿ ನಿಧಾನವಾಗಿ ಓದಿ, ತಪ್ಪುಗಳು ಜಾಸ್ತಿ ಆಗುವುದು ಇಲ್ಲೇ.

ಮೂರು ಅಂಕಿ ಕೊಡಬೇಕು. ಕಳಿಸುವ ಅಂತರ, ಪಡೆಯುವ ಅಂತರ ಮತ್ತು ಗುಣಕ, ಅಂದರೆ ಸಾಲಾಗಿ ಎಷ್ಟು ಪ್ಯಾಕೆಟ್ ತಪ್ಪಿದರೆ ಸತ್ತಂತೆ ಅನ್ನುವುದು. ಅಂತರ 300 ಮಿಲಿಸೆಕೆಂಡ್, ಗುಣಕ 3 ಇಟ್ಟರೆ 900 ಮಿಲಿಸೆಕೆಂಡಿನಲ್ಲಿ ಪತ್ತೆ. ಎಫ್‌ಆರ್‌ಆರ್ ಏನೂ ಹೇಳದಿದ್ದರೆ ಇದನ್ನೇ ಬಳಸುತ್ತದೆ. ಶುರು ಮಾಡಲು ಒಳ್ಳೆಯ ಜಾಗ.

ಎರಡು ತುದಿ ಬೇರೆ ಬೇರೆ ಅಂಕಿ ಹೇಳಿದರೆ ನಿಧಾನದ್ದೇ ಗೆಲ್ಲುತ್ತದೆ. ಈಚೆಯದು '100 ಮಿಲಿಸೆಕೆಂಡಿಗೊಮ್ಮೆ ಕಳಿಸ್ತೀನಿ' ಅಂದು, ಆಚೆಯದು '300ಕ್ಕಿಂತ ಬೇಗ ಬೇಡ' ಅಂದರೆ, ಆ ದಿಕ್ಕಿನಲ್ಲಿ ಪ್ಯಾಕೆಟ್ 300ಕ್ಕೊಮ್ಮೆ ಹೋಗುತ್ತದೆ. ಎದುರು ದಿಕ್ಕಿನ ಲೆಕ್ಕ ಬೇರೆ. ಗುಣಕವಂತೂ ಕಳಿಸುವವನದ್ದು. ನಿಮ್ಮ ರೂಟರ್ ಎಷ್ಟು ಹೊತ್ತು ಕಾಯಬೇಕು ಅನ್ನುವುದು ನೆರೆಯವನ ಗುಣಕದಿಂದ ನಿರ್ಧಾರವಾಗುತ್ತದೆ. ಇದು ಗೊತ್ತಿಲ್ಲದೆ ಒಂದೇ ಕಡೆ ಅಂಕಿ ಬದಲಿಸಿ 'ಏನೂ ಆಗಲಿಲ್ಲ' ಅನ್ನುವವರು ಬಹಳ ಜನ. ನೀವು ಬರೆದ ಅಂಕಿಯನ್ನು ನಂಬಬೇಡಿ, ಇಬ್ಬರೂ ಒಪ್ಪಿಕೊಂಡ ಅಂಕಿಯನ್ನು ಸೆಷನ್ ವಿವರದಲ್ಲಿ ಓದಿ. ಪ್ಯಾಕೆಟ್ ಹಿಡಿದು ಒಳಗೆ ನೋಡುವುದಾದರೆ, ಅಲ್ಲಿ ಅಂತರ ಮೈಕ್ರೊಸೆಕೆಂಡಿನಲ್ಲಿರುತ್ತದೆ. 300000 ಅಂತ ಕಂಡರೆ ಅದು 300 ಮಿಲಿಸೆಕೆಂಡೇ.

ಎಷ್ಟು ಕೆಳಗೆ ಹೋಗಬಹುದು? ಬಿಎಫ್‌ಡಿಯನ್ನು ನಿಮ್ಮ ರೂಟರ್‌ನಲ್ಲಿ ಯಾರು ನಡೆಸುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಲೈನ್ ಕಾರ್ಡ್‌ನ (ಪೋರ್ಟ್‌ಗಳಿರುವ ಬೋರ್ಡ್‌ನ) ಹಾರ್ಡ್‌ವೇರ್ ನಡೆಸಿದರೆ 50 ಮಿಲಿಸೆಕೆಂಡ್ ಅಂತರವೂ ಸುಸೂತ್ರವಾಗಿ ಓಡುತ್ತದೆ. ಮುಖ್ಯ ಸಿಪಿಯುನೇ ನಡೆಸಿದರೆ 300ರಿಂದ ಕೆಳಗೆ ಇಳಿಯುವ ಮೊದಲು ಎರಡು ಸಲ ಯೋಚಿಸಿ. ರೂಟರ್ ಒಂದು ವರ್ಚುವಲ್ ಮೆಷಿನ್ (ಸರ್ವರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಯಂತ್ರ) ಆಗಿದ್ದರೆ 1 ಸೆಕೆಂಡ್ ಅಂತರ, ಗುಣಕ 3 ಇಡುವುದು ವಾಸಿ. ಅಂಥ ಮೆಷಿನ್ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗುವಾಗ ಸ್ವಲ್ಪ ಹೊತ್ತು ನಿಂತುಬಿಡುತ್ತದೆ. ಅಷ್ಟರಲ್ಲಿ ವೇಗದ ಸೆಷನ್ ಬಿದ್ದಿರುತ್ತದೆ. ಕೆಳಗೆ 50 ಮಿಲಿಸೆಕೆಂಡಿನಲ್ಲಿ ತಾನೇ ಸರಿಹೋಗುವ ಸಾಗಣೆ ಜಾಲ ಇದ್ದರೆ ಒಟ್ಟು ಪತ್ತೆ ಸಮಯ ಅದಕ್ಕಿಂತ ಸಾಕಷ್ಟು ಮೇಲಿರಲಿ. ಇಲ್ಲದಿದ್ದರೆ ಅದು ರಿಪೇರಿ ಮುಗಿಸುವ ಮೊದಲೇ ನೀವು ದಾರಿ ಬದಲಿಸಿರುತ್ತೀರಿ.

ಗುಣಕವನ್ನು 1 ಅಥವಾ 2ಕ್ಕೆ ಇಳಿಸಬೇಡಿ. ಲಿಂಕಿನಲ್ಲಿ ನೂರಕ್ಕೆ ಒಂದು ಪ್ಯಾಕೆಟ್ ಕಳೆದುಹೋಗುತ್ತಿದೆ ಅಂದುಕೊಳ್ಳಿ. ಕಳೆಯುವುದು ಗೊತ್ತುಗುರಿ ಇಲ್ಲದೆ ನಡೆದರೆ ಸಾಲಾಗಿ ಮೂರು ತಪ್ಪುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು. 300 ಮಿಲಿಸೆಕೆಂಡ್ ಅಂತರದಲ್ಲಿ ಇದು ಸುಮಾರು ಮೂರು ದಿನಕ್ಕೊಮ್ಮೆ ಆಗುತ್ತದೆ. ಎರಡೇ ತಪ್ಪಿದರೆ ಸಾಕು ಅಂದರೆ ಹತ್ತು ಸಾವಿರಕ್ಕೆ ಒಂದು, ಗಂಟೆಗೊಮ್ಮೆಗಿಂತಲೂ ಹೆಚ್ಚು. ವೇಗ ಬೇಕಾದರೆ ಅಂತರ ಇಳಿಸಿ, ಗುಣಕವನ್ನು 3ರಲ್ಲೇ ಬಿಡಿ.

ಹಂತ 7: ದಾರಿಯಲ್ಲಿ ತಡೆ ಇಲ್ಲದಂತೆ ನೋಡಿ

ಸೆಷನ್ ಮೇಲೇಳದಿದ್ದರೆ ಮೊದಲು ಫೈರ್‌ವಾಲ್ ನಿಯಮ ನೋಡಿ. ನೇರ ನೆರೆಯವನಿಗೆ ಹೋಗುವ ಬಿಎಫ್‌ಡಿ ಪ್ಯಾಕೆಟ್ ಯುಡಿಪಿ 3784ನೇ ಪೋರ್ಟ್‌ಗೆ ಹೋಗುತ್ತದೆ. ಹೊರಡುವ ಪೋರ್ಟ್ 49152ರಿಂದ 65535ರ ಒಳಗೆ ಯಾವುದಾದರೂ ಇರಬಹುದು. ಎರಡೂ ಕಡೆ 3784 ಅಂತ ನಿಯಮ ಬರೆದರೆ ಪ್ಯಾಕೆಟ್ ಬೀಳುತ್ತದೆ.

ಟಿಟಿಎಲ್ ಕೂಡ ನೋಡಿ. ಪ್ಯಾಕೆಟ್ ಒಂದೊಂದು ರೂಟರ್ ದಾಟಿದಾಗಲೂ ಒಂದೊಂದು ಕಡಿಮೆಯಾಗುವ ಅಂಕಿ ಇದು. ನೇರ ನೆರೆಯವನ ಬಿಎಫ್‌ಡಿ ಪ್ಯಾಕೆಟ್ 255 ಟಿಟಿಎಲ್‌ನಿಂದಲೇ ಬರಬೇಕು, ಒಂದು ಕಡಿಮೆ ಇದ್ದರೂ ಎಸೆಯಲಾಗುತ್ತದೆ. ದೂರದಿಂದ ಯಾರೂ ಸುಳ್ಳು ಪ್ಯಾಕೆಟ್ ಕಳಿಸಿ ಸೆಷನ್ ಕೆಡಿಸಬಾರದು ಅಂತ ಈ ನಿಯಮ. ನಡುವೆ ಇನ್ನೊಂದು ರೂಟರ್ ಇದ್ದರೆ ನಿಮಗೆ ಬೇಕಾದದ್ದು ಮಲ್ಟಿಹಾಪ್ ಬಿಎಫ್‌ಡಿ, ಅದರ ಪೋರ್ಟ್ 4784.

ಎಕೋ ಅನ್ನುವ ಇನ್ನೊಂದು ಬಗೆ ಇದೆ. ಇದರಲ್ಲಿ ರೂಟರ್ ತನಗೆ ತಾನೇ ವಾಪಸ್ ಬರುವಂತೆ 3785ನೇ ಪೋರ್ಟ್‌ಗೆ ಪ್ಯಾಕೆಟ್ ಕಳಿಸುತ್ತದೆ. ನೆರೆಯವನು ಸುಮ್ನೆ ತಿರುಗಿಸಿ ಕಳಿಸಿದರೆ ಸಾಕು. ಆದರೆ ಬಂದ ವಿಳಾಸ ಸರಿಯಾದ ಕಡೆಯಿಂದಲೇ ಬಂದಿದೆಯಾ ಅಂತ ನೋಡುವ ಯುಆರ್‌ಪಿಎಫ್ ತಪಾಸಣೆ ಆನ್ ಇದ್ದರೆ ಈ ಪ್ಯಾಕೆಟ್‌ಗಳು ಅಲ್ಲೇ ಬೀಳಬಹುದು. ಖಚಿತ ಕಾರಣ ಇಲ್ಲದಿದ್ದರೆ ಎಕೋ ಆಫ್ ಇರಲಿ.

ಇನ್ನು ಆದ್ಯತೆ. ಲಿಂಕ್ ತುಂಬಿ ತುಳುಕುವಾಗ ಬಿಎಫ್‌ಡಿ ಪ್ಯಾಕೆಟ್‌ಗಳೂ ಸಾಲಿನಲ್ಲಿ ನಿಂತು ಬಿದ್ದುಹೋದರೆ ಏನಾಗುತ್ತದೆ ನೋಡಿ. ಸೆಷನ್ ಬೀಳುತ್ತದೆ. ಎಲ್ಲ ಟ್ರಾಫಿಕ್ ಎರಡನೇ ಲಿಂಕಿಗೆ ನುಗ್ಗುತ್ತದೆ. ಅದೂ ತುಂಬುತ್ತದೆ, ಅದರ ಸೆಷನ್ನೂ ಬೀಳುತ್ತದೆ. ಅಷ್ಟರಲ್ಲಿ ಖಾಲಿಯಾದ ಮೊದಲನೆಯದು ಎದ್ದು ನಿಂತಿರುತ್ತದೆ, ಮತ್ತೆ ಅಲ್ಲಿಗೆ. ಕೇಬಲ್ ಎರಡೂ ಚೆನ್ನಾಗಿದ್ದೇ ಇಡೀ ನೆಟ್‌ವರ್ಕ್ ನಿಲ್ಲುವುದು ಹೀಗೆ. ಬಿಎಫ್‌ಡಿ ಪ್ಯಾಕೆಟ್‌ಗಳನ್ನು ನೆಟ್‌ವರ್ಕ್ ಕಂಟ್ರೋಲ್ ಸಾಲಿಗೆ, ಅಂದರೆ ರೂಟಿಂಗ್ ಪ್ಯಾಕೆಟ್‌ಗಳು ಹೋಗುವ ಆದ್ಯತೆಯ ಸಾಲಿಗೆ ಹಾಕಿ. ಸಿಪಿಯುಗೆ ಬರುವ ಪ್ಯಾಕೆಟ್‌ಗಳಿಗೆ ಮಿತಿ ಹಾಕಿದ್ದರೆ, ಪಿಂಗ್ ಜೊತೆ ಬಿಎಫ್‌ಡಿಯನ್ನೂ ಒಂದೇ ಮಿತಿಗೆ ಕಟ್ಟಿಲ್ಲ ಅಂತ ಖಚಿತ ಮಾಡಿಕೊಳ್ಳಿ.

ಹಂತ 8: ರೂಟಿಂಗ್ ಪ್ರೋಟೋಕಾಲ್‌ಗೆ ಜೋಡಿಸಿ

ಬಿಎಫ್‌ಡಿ ಸುದ್ದಿ ಹೇಳುತ್ತದೆ ಅಷ್ಟೇ, ದಾರಿ ಬದಲಿಸುವುದಿಲ್ಲ. ಸೆಷನ್ ಅಪ್ ಇದೆ, ಆದರೂ ಪತ್ತೆ 40 ಸೆಕೆಂಡೇ ಹಿಡಿಯುತ್ತಿದೆ ಅಂದರೆ ಈ ಜೋಡಣೆ ಮರೆತಿದ್ದೀರಿ. ಒಎಸ್‌ಪಿಎಫ್‌ಗೆ ಇಂಟರ್‌ಫೇಸ್ ಮೇಲೆ, ಬಿಜಿಪಿಗೆ ಆ ನೆರೆಯವನ ಮೇಲೆ ಬಿಎಫ್‌ಡಿ ಆನ್ ಮಾಡಿ. ಸ್ಟ್ಯಾಟಿಕ್ ರೂಟ್‌ಗೆ ಖಂಡಿತ ಮಾಡಿ, ಲಾಭ ಅತಿ ಹೆಚ್ಚು ಸಿಗುವುದು ಅಲ್ಲೇ. ಅಲ್ಲಿ ನೆರೆಯವನನ್ನು ತಾನೇ ಹುಡುಕುವ ಪ್ರೋಟೋಕಾಲ್ ಇಲ್ಲವಾದ್ದರಿಂದ ಎರಡೂ ತುದಿಯಲ್ಲಿ ವಿಳಾಸವನ್ನು ನೀವೇ ಬರೆಯಬೇಕು.

ಒಂದೇ ಸಂಸ್ಥೆಯೊಳಗೆ ಲೂಪ್‌ಬ್ಯಾಕ್ ವಿಳಾಸಗಳ (ಯಾವ ಪೋರ್ಟ್‌ಗೂ ಕಟ್ಟದ, ರೂಟರ್‌ನ ಸ್ವಂತ ವಿಳಾಸಗಳ) ನಡುವೆ ಓಡುವ ಬಿಜಿಪಿಗೆ ವೇಗದ ಮಲ್ಟಿಹಾಪ್ ಬಿಎಫ್‌ಡಿ ಹಾಕಬೇಡಿ. ಕೆಳಗಿನ ಒಎಸ್‌ಪಿಎಫ್ ಹೊಸ ದಾರಿ ಹುಡುಕುವ ಮೊದಲೇ ಬಿಎಫ್‌ಡಿ ಬಿದ್ದರೆ ಬಿಜಿಪಿ ಸೆಷನ್ನೇ ಮುರಿಯುತ್ತದೆ, ಎಲ್ಲ ದಾರಿಗಳನ್ನೂ ಮತ್ತೆ ಕಲಿಯಬೇಕಾಗುತ್ತದೆ. ಲಿಂಕ್‌ಗಳ ಮೇಲೆ ಬಿಎಫ್‌ಡಿ ಹಾಕಿ, ಅಷ್ಟು ಸಾಕು.

ಗ್ರೇಸ್‌ಫುಲ್ ರೀಸ್ಟಾರ್ಟ್ ಬಳಸುವವರು ಗಮನಿಸಿ. ರೂಟರ್‌ನ ರೂಟಿಂಗ್ ಸಾಫ್ಟ್‌ವೇರ್ ಮರುಪ್ರಾರಂಭ ಆಗುವಾಗಲೂ ಪ್ಯಾಕೆಟ್ ಸಾಗುತ್ತಿರಲಿ ಅನ್ನುವ ಸೌಲಭ್ಯ ಅದು. ಬಿಎಫ್‌ಡಿಯೂ ಅದೇ ಸಾಫ್ಟ್‌ವೇರ್ ಜೊತೆ ಸತ್ತರೆ ನೆರೆಯವನು ಲಿಂಕ್ ಬಿತ್ತು ಅಂದುಕೊಳ್ಳಬಹುದು. ಹಾರ್ಡ್‌ವೇರ್‌ನಲ್ಲಿ ಬಿಎಫ್‌ಡಿ ಓಡುವ ಕಡೆ ಮಾತ್ರ ಎರಡನ್ನೂ ಒಟ್ಟಿಗೆ ಬಳಸಿ.

ಹಲವು ಕೇಬಲ್ ಸೇರಿಸಿ ಒಂದೇ ಲಿಂಕ್ ಮಾಡಿದ್ದರೆ ಸಾಮಾನ್ಯ ಬಿಎಫ್‌ಡಿ ಸೆಷನ್ ಅವುಗಳಲ್ಲಿ ಯಾವುದೋ ಒಂದರ ಮೇಲೆ ಮಾತ್ರ ಹೋಗುತ್ತದೆ. ಉಳಿದ ಕೇಬಲ್‌ಗಳು ಸತ್ತರೂ ಅದಕ್ಕೆ ಗೊತ್ತಾಗದು. ಪ್ರತಿ ಕೇಬಲ್‌ಗೂ ಒಂದು ಸೆಷನ್ ಬೇಕು. ಇದಕ್ಕೆ ಆರ್‌ಎಫ್‌ಸಿ 7130 ಇದೆ, ಪೋರ್ಟ್ 6784. ನಿಮ್ಮ ರೂಟರ್‌ನಲ್ಲಿ ಅದಿಲ್ಲದಿದ್ದರೆ ಎಲ್‌ಎಸಿಪಿಯನ್ನು, ಅಂದರೆ ಕೇಬಲ್‌ಗಳನ್ನು ಒಂದು ಲಿಂಕ್ ಆಗಿ ಜೋಡಿಸುವ ಪ್ರೋಟೋಕಾಲನ್ನು, ಫಾಸ್ಟ್ ಮೋಡ್‌ಗೆ ಹಾಕಿ. ಸ್ಲೋ ಮೋಡ್‌ನಲ್ಲಿ 90 ಸೆಕೆಂಡ್ ಹಿಡಿಯುವ ಪತ್ತೆ 3 ಸೆಕೆಂಡಿಗೆ ಇಳಿಯುತ್ತದೆ.

ಹಂತ 9: ಬೇರೆ ಬೇರೆ ರೀತಿಯಲ್ಲಿ ಮುರಿದು ನೋಡಿ

ಕೇಬಲ್ ಕಿತ್ತು 'ಕೆಲಸ ಮಾಡ್ತಿದೆ' ಅಂದುಕೊಳ್ಳಬೇಡಿ. ಕೇಬಲ್ ಕಿತ್ತರೆ ಪೋರ್ಟ್ ಬೀಳುತ್ತದೆ, ಬಿಎಫ್‌ಡಿಗೆ ಪರೀಕ್ಷೆಯೇ ಆಗುವುದಿಲ್ಲ. ನಡುವಿನ ಸ್ವಿಚ್‌ನಲ್ಲಿ ಎರಡು ರೂಟರ್‌ಗಳ ನಡುವಿನ ವಿಎಲ್‌ಎಎನ್ (ಸ್ವಿಚ್ ಒಳಗೆ ಅವೆರಡನ್ನು ಸೇರಿಸುವ ಪ್ರತ್ಯೇಕ ಜಾಲ) ತೆಗೆಯಿರಿ. ಆಗ ಎರಡೂ ಲೈಟ್ ಹಸಿರಾಗಿಯೇ ಇರುತ್ತವೆ, ದಾರಿ ಮಾತ್ರ ಇರುವುದಿಲ್ಲ. ಅದು ನಿಜವಾದ ಪರೀಕ್ಷೆ. ಆಮೇಲೆ ಒಂದು ದಿಕ್ಕಿನಲ್ಲಿ ಮಾತ್ರ ಪ್ಯಾಕೆಟ್ ತಡೆದು ನೋಡಿ.

ಅಳೆಯುವುದು ಸುಲಭ. ಲಿಂಕಿನ ಆಚೆಗಿರುವ ಒಂದು ಯಂತ್ರಕ್ಕೆ 10 ಮಿಲಿಸೆಕೆಂಡಿಗೊಂದರಂತೆ ಪಿಂಗ್ ಬಿಡಿ. 100 ಉತ್ತರ ತಪ್ಪಿದರೆ ಸುಮಾರು 1 ಸೆಕೆಂಡ್ ನಿಂತಿತ್ತು ಅಂತ ಲೆಕ್ಕ. ಪತ್ತೆ 900 ಮಿಲಿಸೆಕೆಂಡಿಗೆ ಆಗಿಯೂ ಒಟ್ಟು 6 ಸೆಕೆಂಡ್ ನಿಂತಿದ್ದರೆ ದೋಷ ಬಿಎಫ್‌ಡಿಯದ್ದಲ್ಲ. ಪತ್ತೆಯಾದ ಮೇಲೆ ಸುದ್ದಿ ಹರಡಬೇಕು, ಹೊಸ ದಾರಿಯ ಲೆಕ್ಕ ಆಗಬೇಕು, ಅದು ಹಾರ್ಡ್‌ವೇರ್‌ಗೆ ಇಳಿಯಬೇಕು. ಹಳೆಯ ರೂಟರ್‌ಗಳಲ್ಲಿ ಒಎಸ್‌ಪಿಎಫ್ ಲೆಕ್ಕ ಶುರು ಮಾಡಲೇ 5 ಸೆಕೆಂಡ್ ಕಾಯುವುದುಂಟು. ಆ ಟೈಮರ್ ನೋಡಿ.

ಹಂತ 10: ಮೊದಲ ಕೆಲವು ವಾರ ಕಣ್ಣಿಡಿ

ಸೆಷನ್ ಬಿದ್ದಾಗಲೆಲ್ಲ ರೂಟರ್ ಒಂದು ಕಾರಣ ಸಂಖ್ಯೆ ಬರೆಯುತ್ತದೆ. 1 ಅಂದರೆ ಕಾಯುವ ಹೊತ್ತು ಮುಗಿಯಿತು, ಅಂದರೆ ನಮಗೇ ಪ್ಯಾಕೆಟ್ ಬರಲಿಲ್ಲ. 3 ಅಂದರೆ ನೆರೆಯವನು ಬಿತ್ತು ಅಂತ ಹೇಳಿದ. 7 ಅಂದರೆ ಯಾರೋ ಬೇಕಂತಲೇ ನಿಲ್ಲಿಸಿದರು. ಎರಡೂ ತುದಿಯ ಸಂಖ್ಯೆ ಇಟ್ಟು ನೋಡಿದರೆ ಯಾವ ದಿಕ್ಕು ಕೆಟ್ಟಿದೆ ಅಂತ ಗೊತ್ತಾಗುತ್ತದೆ. 1 ಇರುವ ತುದಿಗೆ ಬರುವ ದಿಕ್ಕು ಕೆಟ್ಟಿದೆ.

ಬಿಎಫ್‌ಡಿಗೆ ಕಾಣದ್ದೂ ಇದೆ. ಅದರ ಪ್ಯಾಕೆಟ್ ಚಿಕ್ಕದು. ನಡುವಿನ ಯಾವುದೋ ಉಪಕರಣದಲ್ಲಿ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಕಡಿಮೆಯಾಗಿದ್ದರೆ ದೊಡ್ಡ ಪ್ಯಾಕೆಟ್ ಬೀಳುತ್ತವೆ, ಬಿಎಫ್‌ಡಿ ಮಾತ್ರ ಅಪ್ ಅಂತಲೇ ಇರುತ್ತದೆ. ನೂರಕ್ಕೆ ಒಂದೋ ಎರಡೋ ಪ್ಯಾಕೆಟ್ ಕೆಡುವ ಹಳೆ ಫೈಬರನ್ನೂ ಅದು ಹಿಡಿಯುವುದು ಅಪರೂಪ. ಇವಕ್ಕೆ ಬೇರೆ ಕಾವಲು ಬೇಕು. ಪೋರ್ಟ್‌ನ ಸಿಆರ್‌ಸಿ ದೋಷದ (ದಾರಿಯಲ್ಲಿ ಕೆಟ್ಟು ಬಂದ ಪ್ಯಾಕೆಟ್‌ಗಳ) ಎಣಿಕೆಯನ್ನೂ ಫೈಬರ್‌ನ ಬೆಳಕಿನ ಮಟ್ಟವನ್ನೂ ಮಾನಿಟರಿಂಗ್‌ಗೆ ಸೇರಿಸಿ. ಲಿಂಕಿನ ಪೂರ್ತಿ ಗಾತ್ರದ ಪ್ಯಾಕೆಟ್ಟನ್ನು, ತುಂಡು ಮಾಡಬೇಡ ಅನ್ನುವ ಗುರುತು ಹಾಕಿ, ಆಗಾಗ ಪಿಂಗ್ ಕಳಿಸಿ. ರೂಟರ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಆದ ಮೇಲೆ ಸೆಷನ್ ಹಾರ್ಡ್‌ವೇರ್‌ನಲ್ಲೇ ಓಡುತ್ತಿದೆಯಾ, ಒಪ್ಪಿಕೊಂಡ ಅಂತರ ಹಳೆಯದೇ ಇದೆಯಾ ಅಂತ ಇನ್ನೊಮ್ಮೆ ನೋಡಿ, ಒಂಬತ್ತನೇ ಹಂತದ ಪರೀಕ್ಷೆಯನ್ನು ಮತ್ತೆ ಮಾಡಿ.